ಕಾಕಾನ ನೆರೆಹೊರೆಯ ಲೆಕ್ಕ

ನಮ್ಮ ಕಾಕಾ ಐದು ನಿಮಿಷ ಒಂದೇ ಕಡೆ ಕುಳಿತದ್ದನ್ನು ಕಂಡೆ ಎನ್ನುವವರು ಸಿಂದಗಿಯಲ್ಲಿ ಯಾರಾದರೂ ಇದ್ದರೆ, ಅವರು ಸುಳ್ಳು ಹೇಳುತ್ತಿದ್ದಾರೆ! ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠವನ್ನೂ ಅವರು ಅಡ್ಡಾಡುತ್ತಲೇ ಮಾಡುತ್ತಿದ್ದರು. ಇಂಥವರಿಗೆ ಪಿಎಚ್‌ಡಿಯ ಹುಚ್ಚು ಹಿಡಿಯಿತು. ನಮ್ಮ ಪಕ್ಕದ ಇಂಡಿ ಊರಿನ ನಿಂಬೆಹಣ್ಣಿನ ಸಿಪ್ಪೆಯ ಎಣ್ಣೆ ನೀರಿನಲ್ಲಿ ಬೆರೆಯದೆ ಹೇಗೆ ಒದ್ದಾಡುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಅಣು ಅಣುವಾಗಿ ಲೆಕ್ಕ ಹಾಕಿ ತೋರಿಸಬೇಕಂತೆ. ಶರಬತ್ತು ಮಾಡಿ ನೋಡಿದರೆ ಸಾಲದೇ?

ಅವರ ಗೈಡ್ ಬೇಸಿಗೆಯಲ್ಲಿ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಲೆಕ್ಕ ಮುಗಿಯದಿದ್ದರೆ ವರ್ಷಗಟ್ಟಲೆ ದುಡಿದದ್ದೆಲ್ಲ ನೀರುಪಾಲು. ಕಂಪ್ಯೂಟರೋ ಎತ್ತಿನ ಬಂಡಿ. ಬಿಸಿಯಾದರೆ ಇನ್ನೂ ನಿಧಾನವಾಗುತ್ತದೆಂದು ಕಾಕಾ ಅದರ ಮುಚ್ಚಳ ಬಿಚ್ಚಿ, ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿದರು.

"ನನಗೂ ಬಿಸಿ ಆಗ್ತೈತ್ರಿ" ಎಂದರು ಅವರ ಹೆಂಡತಿ, ನಮ್ಮ ಕಾಕು, ಒಲೆಯ ಮುಂದೆ ರೊಟ್ಟಿ ಬಡಿಯುತ್ತ.

"ನೀ ನಿಧಾನ ಆಗೂದಿಲ್ಲಲ್ಲ" ಎಂದರು ಕಾಕಾ!

ಕರೆಂಟು ಹೋದರೆ ಲೆಕ್ಕ ಮತ್ತೆ ಮೊದಲಿನಿಂದ. ಸಿಂದಗಿಯಲ್ಲಿ ಅದು ಕೈಕೊಟ್ಟಾಗ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ಟಂಟಂ ಆಟೋದಲ್ಲಿ ಹೇರಿಕೊಂಡು, ಕರೆಂಟಿದ್ದ ತಾಂಬಾದ ಬೀಗರ ಮನೆಗೆ ಓಡಿದರು. ಮನೆಗೆ ಬಂದ ಬೀಗರನ್ನು ಹಾಗೇ ಬಿಡುವುದುಂಟೇ? ಹೋಳಿಗೆ ಮಾಡಿ, ಒತ್ತಾಯ ಮಾಡಿ ಉಣಿಸುವಷ್ಟರಲ್ಲಿ ಅಲ್ಲಿಯೂ ಕರೆಂಟು ಹೋಯಿತು.

ಆಮೇಲೆ ಅವರಿಗೊಂದು ಉಪಾಯ ಹೊಳೆಯಿತು. ಪ್ರತಿ ಅಣುವೂ ಉಳಿದೆಲ್ಲ ಅಣುಗಳನ್ನು ಮಾತಾಡಿಸುವುದೇಕೆ? ತನ್ನ ಓಣಿಯವರನ್ನಷ್ಟೇ ವಿಚಾರಿಸಿದರೆ ಸಾಕು, ದೂರದವರನ್ನು ಬಿಟ್ಟುಬಿಡಬಹುದು! ಲೆಕ್ಕ ಓಡತೊಡಗಿತು. ಅಷ್ಟಕ್ಕೇ ನಿಲ್ಲಿಸಿದರೆ ಅವರು ನಮ್ಮ ಕಾಕಾ ಹೇಗಾದಾರು? ಬಳಗಕ್ಕೂ ಅದನ್ನೇ ಹಚ್ಚಿದರು. ಇಂಡಿಯ ಮದುವೆ, ಮಸೂತಿ ಊರಿನ ತೊಟ್ಟಿಲ ಕಾರ್ಯಕ್ರಮ ಎಲ್ಲ ರದ್ದು. ಮುದ್ದೇಬಿಹಾಳಕ್ಕೆ ವರ್ಗವಾಗಿದ್ದ ನನಗೂ ಫೋನು ಮಾಡಿದರು: "ತಮ್ಮಾ, ಈಗ ನೀನೂ ದೂರದವರೊಳಗ ಬಂದಿ." ನಕ್ಕುಬಿಟ್ಟೆನಾದರೂ ಒಳಗೆ ಚುರುಕ್ಕೆಂದಿತು. ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವರು ಅವರು.

ಬೇಸಿಗೆ ಹತ್ತಿರ ಬಂದಾಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಬಸವನ ಬಾಗೇವಾಡಿಯ ಆಸ್ಪತ್ರೆ ಸೇರಿದೆ. ಕಣ್ಣು ಬಿಟ್ಟರೆ ಪಕ್ಕದಲ್ಲಿ ಕಾಕಾ! ಕಂಪ್ಯೂಟರಿನ ಆ ಟೇಬಲ್ ಫ್ಯಾನು ನನ್ನ ಮಂಚದತ್ತ ತಿರುಗಿತ್ತು. ಲೆಕ್ಕ ನಿಲ್ಲಿಸಿ ಬಂದಿದ್ದರು.

"ಕಾಕಾ, ನಾ ದೂರದಾಂವಲ್ಲೇನ್ರಿ?"

"ಅಣು ಒಂದ ಕಡೆ ನಿಲ್ಲೂದಿಲ್ಲಪಾ. ಹತ್ತಿರದವ್ರು ಯಾರಂತ ಆಗಾಗ ತಿರುಗಿ ನೋಡಬೇಕು. ನಾ ನೋಡೂದ ಮರತಿದ್ದೆ."

ನನ್ನ ಪ್ಲಾಸ್ಟರ್ ಬಿಚ್ಚುವವರೆಗೂ ಅವರು ಬಾಗೇವಾಡಿ ಬಿಡಲಿಲ್ಲ. ಅಷ್ಟರಲ್ಲಿ ಗೈಡ್ ನಿವೃತ್ತರಾದರು. ನಾನು ಕಣ್ಣು ಬಿಟ್ಟ ಆ ದಿನ ಕಾಕಾ ನನ್ನ ಕೈ ಹಿಡಿದು ಸಂಜೆಯವರೆಗೂ ಸ್ಟೂಲಿನಿಂದ ಏಳಲಿಲ್ಲ. ಸಿಂದಗಿಯಲ್ಲಿ ಇದನ್ನು ಯಾರಿಗೂ ನಂಬಿಸಲು ನನಗೆ ಇನ್ನೂ ಆಗಿಲ್ಲ.