ಗ್ರಾಫಿಕ್ಸ್ ಕಾರ್ಡಿಗೆ ಏರ್ ಕೂಲರ್

ಧಾರವಾಡದ ಕಾಲೇಜೊಂದರಲ್ಲಿ ನಾನು ಇಪ್ಪತ್ತು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಅದರಲ್ಲೂ ಉಷ್ಣದ ಪಾಠವೆಂದರೆ ನನಗೆ ಪ್ರಾಣ. ಅಂಥವನ ಮನೆಯಲ್ಲೇ ಒಂದು ಗ್ರಾಫಿಕ್ಸ್ ಕಾರ್ಡು ಕಾದು ಕಾದು ಕಂಪ್ಯೂಟರನ್ನು ಬಂದ್ ಬೀಳಿಸುವುದೆಂದರೆ ನನ್ನ ವಿದ್ಯೆಗೇ ಅವಮಾನವಲ್ಲವೇ?

ಕಂಪ್ಯೂಟರು ನನ್ನ ಹೆಂಡತಿ ಸುಧಾಳದು. ಅವಳು ಆರ್ಕಿಟೆಕ್ಟ್. ಇನ್ನೂ ಕಟ್ಟದ ಮನೆಯೊಳಗೆ ಗಿರಾಕಿಗಳನ್ನು ಪರದೆಯ ಮೇಲೆ ಓಡಾಡಿಸಿ ತೋರಿಸುತ್ತಾಳೆ. ಆ ಚಿತ್ರಗಳನ್ನೆಲ್ಲ ಮೂಡಿಸುವುದು ಈ ಕಾರ್ಡೇ. ಏಪ್ರಿಲ್ ಬಿಸಿಲಿಗೆ ಅದು ದಿನಾ ಕೈಕೊಡುತ್ತಿತ್ತು. ಅಂದು ನಾಲ್ಕು ಗಂಟೆಗೆ ಅಮ್ಮಿನಬಾವಿಯ ಹತ್ತಿ ವ್ಯಾಪಾರಿ ಮತ್ತು ಅವರ ಹೆಂಡತಿ ತಮ್ಮ ಹೊಸ ಮನೆಯನ್ನು ನೋಡಲು ಬರುವವರಿದ್ದರು. ಸುಧಾ ಆರು ತಿಂಗಳಿಂದ ಕಾಯುತ್ತಿದ್ದ ಕೆಲಸವದು.

"ನಾ ಲಕಮನಹಳ್ಳಿಗೆ ಸ್ಲ್ಯಾಬ್ ನೋಡಾಕ ಹೊಂಟೇನಿ. ಮೂರೂವರಿಗೆ ಬರ್ತೇನಿ. ಕಂಪ್ಯೂಟರ್ ಮುಟ್ಟಬ್ಯಾಡ್ರಿ ಮತ್ತ!" ಎಂದಳು.

"ಛೇ, ನಾ ಯಾಕ ಮುಟ್ಟಲಿ?" ಎಂದೆ.

ಅವಳ ಸ್ಕೂಟರಿನ ಸಪ್ಪಳ ಮರೆಯಾದೊಡನೆ ಸ್ಕ್ರೂಡ್ರೈವರ್ ಹಿಡಿದೆ.

ಕಾರ್ಡಿನ ಮೇಲೆ ಅಂಗೈಯಗಲದ ಎರಡು ಫ್ಯಾನುಗಳಿದ್ದವು. ನೋಡಿ ನಗು ಬಂತು. ಕಿತ್ತು ಹಾಕಿದೆ! ಅದರ ಕೆಳಗಿನ ಅಲ್ಯೂಮಿನಿಯಂ ತಗಡುಗಳನ್ನೂ ಬಿಚ್ಚಿದೆ. ಅಲ್ಲಿ ಕಾರ್ಡಿನ ಚಿಪ್‌ ಮೇಲೆ ಬೂದು ಬಣ್ಣದ ಅಂಟು ಹೊಲಸು ಮೆತ್ತಿಕೊಂಡಿತ್ತು. ಹಳೇ ಟಾವೆಲ್ಲಿನಿಂದ ತಿಕ್ಕಿ ತಿಕ್ಕಿ ಒರೆಸಿದೆ. ಕನ್ನಡಿಯಂತೆ ಹೊಳೆಯಿತು. ಚಿಪ್‌ನ ಬಿಸಿಯನ್ನು ತಗಡಿಗೆ ದಾಟಿಸಲೆಂದೇ ಆ ಅಂಟನ್ನು ಹಚ್ಚಿರುತ್ತಾರೆಂಬುದು ನನ್ನ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತಂತೆ. ನನಗೆ ಗೊತ್ತಾದದ್ದು ಮರುದಿನ.

ತಗಡುಗಳನ್ನು ಮತ್ತೆ ಕೂಡಿಸಿ, ಕಂಪ್ಯೂಟರಿನ ಡಬ್ಬಿಯನ್ನು ತೆರೆದೇ ಇಟ್ಟು, ಎದುರಿಗೆ ಟೇಬಲ್ ಫ್ಯಾನ್ ತಿರುಗಿಸಿದೆ. ಪರದೆಯ ಮೇಲೆ ಉಷ್ಣಾಂಶ ಎಂಬತ್ತಾಯಿತು. ತೊಂಬತ್ತಾಯಿತು. ನೂರು! ಪರದೆ ಕಪ್ಪಾಯಿತು.

ಆದರೂ ಒಬ್ಬ ವಿಜ್ಞಾನಿ ಸೋಲೊಪ್ಪುವುದುಂಟೇ? ಪಡಸಾಲೆಯಲ್ಲಿದ್ದ ಏರ್ ಕೂಲರನ್ನು ಎಳೆದು ತಂದೆ. ಕಂಠಮಟ್ಟ ನೀರು ತುಂಬಿದೆ. ಸುಧಾ ನಕ್ಷೆ ಸುತ್ತಿಡುವ ರಟ್ಟಿನ ಕೊಳವೆಯ ಒಂದು ತುದಿಯನ್ನು ಕೂಲರಿಗೂ ಇನ್ನೊಂದನ್ನು ಕಾರ್ಡಿಗೂ ಹಿಡಿಸಿದೆ. ಕೂಲರು, ಕಂಪ್ಯೂಟರು ಎರಡರ ಸ್ವಿಚ್ಚನ್ನೂ ಹಾಕಿದೆ. ಆಹಾ, ಏನು ಗಾಳಿ! ನಾನೂ ಪಕ್ಕದಲ್ಲೇ ಮುಖವೊಡ್ಡಿ ಕುಳಿತೆ.

ಕೊಳವೆಯ ತುದಿಯಲ್ಲಿ ಒಂದು ಹನಿ ಕಾಣಿಸಿತು. ದಪ್ಪಗಾಯಿತು. ಜಾರಿತು.

ಫಟ್!

ನೀಲಿ ಬೆಳಕು, ಹೊಗೆ, ಸುಟ್ಟ ವಾಸನೆ. ಇಡೀ ಮನೆಯ ಕರೆಂಟು ಹೋಯಿತು. ಕುರ್ಚಿಯ ಮೇಲಿದ್ದ ನಾನು ನೆಲದ ಮೇಲಿದ್ದೆ. ಯಾವಾಗ ಇಳಿದೆನೋ ದೇವರೇ ಬಲ್ಲ!

ಬಾಗಿಲಲ್ಲಿ ಸುಧಾ ನಿಂತಿದ್ದಳು.

"ಏನ್ರೀ ಇದು?"

"ಸ್ವಲ್ಪ... ತಂಪ ಮಾಡಾಕ ಹೋಗಿದ್ದೆ."

ಅವಳು ಬೈಯಲಿಲ್ಲ. ಕರೆಂಟಿನ ಫಟ್ಟಿಗಿಂತ ದೊಡ್ಡ ಆಘಾತ ಅದು! ಕಣ್ಣಲ್ಲಿ ನೀರು ತುಂಬಿಕೊಂಡು, "ಮನಿ ಚಿತ್ರ ಪೆನ್ ಡ್ರೈವ್‌ನ್ಯಾಗ ಐತಿ. ತೋರ್ಸೋದು ಯಾತರಾಗ್ರಿ?" ಎಂದಳು.

ಮರುಕ್ಷಣ ಕಣ್ಣೊರೆಸಿಕೊಂಡು, ನನ್ನ ಚೀಲದಿಂದ ಸೀಮೆಸುಣ್ಣದ ಪೆಟ್ಟಿಗೆಯನ್ನೇ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಅಲ್ಲಿನ ಸಿಮೆಂಟ್ ಅಂಗಳದ ತುಂಬ ಗೆರೆ ಎಳೆದಳು. ಪಡಸಾಲೆ, ಅಡುಗೆಮನೆ, ದೇವರಕೋಣೆ, ಎಲ್ಲವೂ ಬಂದವು. ಕಾರಿನ ಹಾರ್ನ್ ಕೇಳಿದಾಗ ಕೊನೆಯದಾಗಿ ನನ್ನ ಕಡೆ ತಿರುಗಿದಳು.

"ನೀವು ಇಲ್ಲಿ ಕಂಬ ಆಗಿ ನಿಂದರ್ರಿ."

ನಿಂತೆ. ಮೈಮೇಲೆ ಕೂಲರಿನ ನೀರಿಗೆ ಒದ್ದೆಯಾದ ಬನಿಯನ್.

"ಬರ್ರಿ ಕಾಕಾ, ಬರ್ರಿ ಕಾಕು. ಇದು ತಲಬಾಗಲ," ಎಂದು ಸುಧಾ ವ್ಯಾಪಾರಿ ದಂಪತಿಯನ್ನು ಕರೆದಳು. ಕಾಕು ಸೀರೆಯ ನೆರಿಗೆ ಹಿಡಿದು, ಗೆರೆಯನ್ನು ಹೊಸ್ತಿಲಂತೆಯೇ ದಾಟಿದರು! ಅಡುಗೆಮನೆಯಲ್ಲಿ ನಿಂತು ಇಲ್ಲದ ಒಲೆಯತ್ತ ಕೈ ಚಾಚಿ ನೋಡಿದರು. ಕಾಕಾ ದೇವರಕೋಣೆಯ ಮುಂದೆ ಕೈಮುಗಿದೇಬಿಟ್ಟರು. "ಖರೇ ಮನ್ಯಾಗ ಅಡ್ಡಾಡಿದಂಗ ಆತು ನೋಡವಾ. ಕೆಲಸಾ ಲಗೂ ಶುರು ಮಾಡು," ಎಂದರು.

ಸುಧಾಳ ಮುಖ ಅರಳಿತು. ಕಂಬವೆಂಬುದನ್ನು ಮರೆತು ನಾನೂ ಹಲ್ಲು ಕಿರಿದೆ.

ಕಾಕು ನನ್ನತ್ತ ನೋಡಿದರು. "ಎಲ್ಲಾ ಛಲೋ ಐತವಾ. ಈ ಕಂಬ ಒಂದ ಅಡ್ಡ ಬರತೈತಿ. ತಗದ್ರ ನಡೀತೈತೇನು?"

ಸುಧಾ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ತಗೀಬಹುದ್ರಿ ಕಾಕು. ಇದರ ಮ್ಯಾಲೆ ಏನೂ ಭಾರ ಇಲ್ಲ."