ಎಲೆ ಅಡಿಕೆಯ ಜೊತೆ ಕೊಟ್ಟ ನೋಟಿಸು

ಅಡುಗೆಯವರೊಬ್ಬರನ್ನು ಕೆಲಸದಿಂದ ಬಿಡಿಸುವುದು ಎಷ್ಟರ ಮಾತು ಎಂದುಕೊಂಡಿದ್ದೆ. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿರುವ ನಮ್ಮ ಮೆಸ್ಸಿಗೆ ನಾನೇ ಮಾಲೀಕ. ‘ನಾಳೆಯಿಂದ ಬರಬೇಡ’ ಎಂದರೆ ಮುಗಿಯಿತಲ್ಲ!

ಆರೋಪಿ ಮಾಂಬಳ್ಳಿಯ ಮಾದೇವಣ್ಣ. ನಮ್ಮಪ್ಪನ ಕಾಲದಿಂದ ಒಲೆಯ ಮುಂದೆ ನಿಂತವನು. ನಾನು ಅಳುತ್ತಾ ಸ್ಕೂಲಿಗೆ ಹೊರಟಾಗ ಬಾಯಿಗೆ ಉಪ್ಪಿಟ್ಟು ತುರುಕಿ ಕಳಿಸುತ್ತಿದ್ದವನು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಮರೆವು ಶುರುವಾಗಿತ್ತು. ಸಾರಿಗೆ ಉಪ್ಪು ಹಾಕಿ, ಹಾಕಿದ್ದು ಮರೆತು, ಮತ್ತೆ ಹಾಕುತ್ತಿದ್ದ. ದೇವರಿಗೆ ಎಡೆಯಾಗುವ ಮುಂಚೆ ರುಚಿ ನೋಡುವ ಪದ್ಧತಿಯೂ ಅವನಿಗಿಲ್ಲ. ಗಿರಾಕಿಗಳು ನೀರಿನ ಜಗ್ಗಿಗಾಗಿ ಜಗಳವಾಡತೊಡಗಿದರು. ಹನೂರಿನಿಂದ ಬೇರೆ ಅಡುಗೆಯವನನ್ನು ಕರೆಸಲು ನಾನು ನಿಶ್ಚಯಿಸಿದೆ.

ವಕೀಲ ಗೆಳೆಯ ನಾಗೇಶ ಅಡ್ಡಗಾಲು ಹಾಕಿದ.

“ಅಂಗೆಲ್ಲ ಬುಡುಸ್ಬುಡಕಾಯ್ತದೇನ್ಲಾ? ಕಾನೂನು ಅದ ಕಣ್ಲಾ. ಸರಿಯಾದ ಕಾರಣ ಇರ್ಬೇಕು, ಮುಂಚೇನೆ ನೋಟಿಸ್ ಕೊಡ್ಬೇಕು, ಅವ್ರ ಮಾತ್ನೂ ಕೇಳ್ಬೇಕು.”

“ನನ್ ಮೆಸ್ಸಿಗೂ ಕಾನೂನಾ?”

“ನಿನ್ ಮೆಸ್ಸೇನು ಚಂದ್ರಲೋಕದಲ್ಲಿ ಅದಾ?”

ಕೊನೆಗೆ ಅವನೇ ನೋಟಿಸು ಬರೆದುಕೊಟ್ಟ. ‘ತಮ್ಮನ್ನು ಸೇವೆಯಿಂದ ಏಕೆ ಮುಕ್ತಗೊಳಿಸಬಾರದು’ ಎಂದು ಶುರುವಾಗುವ ಅದನ್ನು ಓದಿದಾಗ ನನ್ನದೇ ಕೆಲಸ ಹೋದಂತಾಯಿತು.

ಕೊಡುವ ಹೊತ್ತಿಗೆ ಕೈ ಬರಲಿಲ್ಲ. ಉಣ್ಣಿಸಿ ಬೆಳೆಸಿದ ಹಿರಿಯನಿಗೆ ಬರೀ ಕಾಗದ ಹೇಗೆ ಕೊಡುವುದು? ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು ಇಟ್ಟು, ಮೇಲೆ ನೋಟಿಸಿಟ್ಟು, ಎರಡೂ ಕೈಯಲ್ಲಿ ನೀಡಿದೆ. ಮಾದೇವಣ್ಣ ಎಲೆಯನ್ನು ಕಣ್ಣಿಗೊತ್ತಿಕೊಂಡ. ಕಾಗದವನ್ನು ಜೇಬಿಗಿಟ್ಟು ಊರಿನ ಬಸ್ಸು ಹತ್ತಿದ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ ಸುಶೀಲ ಹಣೆ ಚಚ್ಚಿಕೊಂಡಳು.

“ಮದ್ವೆಗೆ ಅಡ್ಗೆಯೋರ್ನ ಒಪ್ಸುವಾಗ ಏನ್ರೀ ಕೊಡ್ತೀವಿ?”

“ಎಲೆ ಅಡ್ಕೆ.”

“ಈಗ ಕೊಟ್ಟಿದ್ದೇನು? ಬುಡ್ಸೋಕೋಗಿ ಒಸ್ದಾಗಿ ಕೆಲ್ಸಕ್ಕೆ ಸೇರುಸ್ಕಂಡಿದ್ದೀರಿ.”

ಮಾರನೆಯ ಬೆಳಿಗ್ಗೆ ಮಾದೇವಣ್ಣ ಹೊಸ ಟವೆಲ್ ಹೆಗಲಿಗೆ ಹಾಕಿಕೊಂಡು ಎಂದಿಗಿಂತ ಮುಂಚೆಯೇ ಬಂದ. ನಾನು ವಿಚಾರಣಾಧಿಕಾರಿಯ ಗತ್ತಿನಲ್ಲಿ ಗಲ್ಲಾದ ಹಿಂದೆ ಕೂತು, “ಕಾಗ್ದ ಓದುಸ್ದೇನಣ್ಣ?” ಎಂದೆ.

“ಊಂ ಸಣ್ಣ ಯಜಮಾನ್ರೇ, ಬಸ್ಸಲ್ಲಿ ಮೇಷ್ಟ್ರು ಓದುದ್ರು. ಕಾಗ್ದ ವಕೀಲ್ರುದು, ಎಲೆ ನಿಮ್ದು. ನಾನು ನಿಮ್ದ ತಕಂಡಿ.” ಹೆಗಲ ಟವೆಲ್ ಸರಿಮಾಡಿಕೊಂಡು ಹೇಳಿದ: “ಉಪ್ಪು ಎಚ್ಚಾಯ್ತದ, ನಂಗೂ ಗೊತ್ತು. ನಮ್ಮನೆಯವ್ಳು ತೀರೋದ್ಮೇಲೆ ಮನೇಲಿ ನಾನ್ ಮಾಡಿದ್ದ ಉಣ್ಣೋರಿಲ್ಲ. ಇಲ್ಲಿ ಉಣ್ಣೋರ ಮಕ ನೋಡ್ಕಂಡು ದಿನ ತಳ್ತಾ ಇವ್ನಿ. ಒಲೆ ಮುಂದ್ಲಿಂದ ಎಬ್ಬುಸ್ಬೇಡಿ.”

ನನಗೆ ಅಳು ಬಂದುಬಿಟ್ಟಿತು. ಈರುಳ್ಳಿಯ ಮೇಲೆ ಹಾಕೋಣವೆಂದರೆ ಅಂದು ಯಾರೂ ಈರುಳ್ಳಿ ಹೆಚ್ಚುತ್ತಿರಲಿಲ್ಲ.

ನಾಗೇಶನಿಗೆ ಫೋನ್ ಮಾಡಿ, “ಎಲೆ ಅಡ್ಕೆ ಬಗ್ಗೆ ಕಾಯ್ದೇಲಿ ಏನಾರ ಅದಾ?” ಎಂದು ಕೇಳಿದೆ.

“ಇಲ್ಲ ಕಣ್ಲಾ. ಆದ್ರ ನಿನ್ ಕೇಸು ನಾನ್ ತಕಳಲ್ಲ” ಎಂದು ಇಟ್ಟುಬಿಟ್ಟ.

ತೀರ್ಪು ಕೊಟ್ಟವಳು ಸುಶೀಲ. ಒಲೆ ಮಾದೇವಣ್ಣನದು, ಉಪ್ಪಿನ ಡಬ್ಬಿ ನನ್ನದು, ಗಲ್ಲಾ ಅವಳದು.

ಬಹಳ ಗಾಂಭೀರ್ಯದಿಂದಲೇ ಉಪ್ಪಿನ ಅಧಿಕಾರ ವಹಿಸಿಕೊಂಡೆ. ನಿನ್ನೆ ಸಾರಿಗೆ ಉಪ್ಪು ಹಾಕಿ, ಯಾರೋ ಫೋನ್ ಮಾಡಿದರೆಂದು ಹೊರಗೆ ಹೋಗಿ ಬಂದು, ಹಾಕಿದೆನೋ ಇಲ್ಲವೋ ನೆನಪಾಗದೆ ಇನ್ನೊಮ್ಮೆ ಹಾಕಿದೆ. ನೀರಿನ ಜಗ್ಗಿಗೆ ಮತ್ತೆ ಜಗಳ. ಸುಶೀಲ ಗಲ್ಲಾದಿಂದಲೇ ನನ್ನತ್ತ ನೋಡಿದಳು. ಆ ನೋಟದಿಂದ ಕಾಪಾಡುವ ಕಾನೂನು ಇನ್ನೂ ಬಂದಿಲ್ಲ.

ಮಾದೇವಣ್ಣ ತನ್ನ ಚೀಲ ಬಿಚ್ಚಿ, ಒಂದು ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು ಮಡಿಸಿ, ಎರಡೂ ಕೈಯಲ್ಲಿ ನನಗೆ ಕೊಟ್ಟ.

ಸದ್ಯ, ನನ್ನ ಕೆಲಸವೂ ಉಳಿಯಿತು.