ಟವಲಿನ ಕೆಳಗೆ ಊದಿದ ಬೆರಳು

ಎದುರಿಗಿರುವವರ ವಯಸ್ಸು ಕಂಡುಹಿಡಿಯುವುದು ಸುಲಭ; ನಮ್ಮದನ್ನು ಒಪ್ಪಿಕೊಳ್ಳುವುದೇ ಕಷ್ಟ. ನಾನು ಎತ್ತಿನ ದಲ್ಲಾಳಿ. ಮೂವತ್ತು ವರ್ಷ ತಿ. ನರಸೀಪುರದ ಕಡೆಯ ಸಂತೆಗಳಲ್ಲಿ ಎತ್ತುಗಳ ಬಾಯಿ ಬಿಡಿಸಿ ಹಲ್ಲು ಎಣಿಸಿದ್ದೇನೆ. ಮಾರುವವನು 'ಈಗ ತಾನೇ ಬಾಯ್ಗೂಡ್ಯದೆ' ಎಂದರೆ, ಅಂದರೆ ಹಲ್ಲೆಲ್ಲ ಬಂದು ಹರೆಯ ತುಂಬಿದೆ ಎಂದರೆ, ಒಮ್ಮೆಯೂ ನಂಬಿದವನಲ್ಲ. ಹೆಗಲ ಮೇಲೆ ಕೈಯಾಡಿಸುತ್ತೇನೆ. ನೊಗ ಉಜ್ಜಿ ಉಜ್ಜಿ ಮಾಯದ ಬಾವೊಂದು ಅಲ್ಲಿದ್ದರೆ, 'ಬಾವಿನೆತ್ತು ಬೇಗ ಮುದಿಯಾಯ್ತದೆ ಕಣ್ರೀ' ಎಂದು ಬೆಲೆ ಇಳಿಸುತ್ತೇನೆ. ಅದು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಬೆಲೆ ಇಳಿಯುತ್ತಿತ್ತು, ಅಷ್ಟು ಸಾಕಾಗಿತ್ತು.

ನಮ್ಮಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವಲು ಮುಚ್ಚಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿಯುತ್ತೇವೆ. ಹತ್ತು ಸಾವಿರದ ಮೇಲೆ ಇನ್ನೆಷ್ಟು ಸಾವಿರ ಎಂಬುದು ಹಿಡಿದ ಬೆರಳಿನ ಲೆಕ್ಕ. ಹಿಡಿದ ಮೇಲೆ ಮುಗಿಯಿತು, ಹಿಂದೆ ಸರಿಯುವಂತಿಲ್ಲ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನನ್ನ ಬೆರಳ ಗೆಣ್ಣುಗಳು ಊದಿಕೊಂಡು ಎರಡು ವರ್ಷವಾಗಿತ್ತು. ಬೆಳಿಗ್ಗೆ ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ವಯಸ್ಸು ನಲವತ್ತೆಂಟಾಯಿತು, ಇಷ್ಟಾದರೂ ಬೇಡವೇ ಎಂದು ಎಣ್ಣೆ ಹಚ್ಚಿಕೊಂಡು ಸುಮ್ಮನಿದ್ದೆ. ಒಂದು ಸಂತೆಯಲ್ಲಿ ಸೋಮನಾಥಪುರದ ರೈತನೊಬ್ಬನ ಪರವಾಗಿ ಹುಲ್ಲಹಳ್ಳಿಯ ಸಿದ್ದೇಗೌಡರ ಜೋಡೆತ್ತಿಗೆ ಕೈಹಾಕಿದೆ. ಹಿಡಿಯಬೇಕಾದದ್ದು ಮೂರು ಬೆರಳು. ನನ್ನ ಕಿರುಬೆರಳು ಅರ್ಧ ಮಡಚಿದಂತೆಯೇ ಸೆಟೆದು, ಸಡಿಲವಾಗದೆ, ಗೌಡರ ನಾಲ್ಕನೆಯ ಬೆರಳನ್ನೂ ಅವುಚಿಕೊಂಡುಬಿಟ್ಟಿತು.

'ಒಪ್ದೆ' ಎಂದರು ಗೌಡರು, ಟವಲು ಕೊಡವಿ. ರೈತನಿಗೆ ಸಾವಿರ ರೂಪಾಯಿ ಹೆಚ್ಚು ಬಿತ್ತು.

ನನ್ನ ದಲ್ಲಾಳಿ ಹಣವನ್ನು ಬಿಟ್ಟುಕೊಟ್ಟರೂ ರೈತನ ಮುಖ ಅರಳಲಿಲ್ಲ. 'ಕೈಯೇ ಬಿದ್ದೋಯ್ತಲ್ಲ ಮಾದಪ್ಪಣ್ಣ. ಇನ್ಮೇಕೆ ಬ್ಯಾರೆಯವರ್ನ ನೋಡ್ಕತೀವಿ' ಎಂದ. ಅನ್ನ ಕೊಡುವ ಕೈ ಅದು. ಮಾರನೆಯ ದಿನವೇ ನಂಜನಗೂಡಿನ ಬಸ್ಸು ಹತ್ತಿದೆ.

ಅಲ್ಲಿಯ ಆಸ್ಪತ್ರೆಯ ಡಾಕ್ಟರಮ್ಮ ಕೈ ನೋಡಿ, ಆಮೇಲೆ ಬಾಯಿ ತೆಗೆಯಲು ಹೇಳಿದರು. ಯಾವ ಎತ್ತೂ ಅಷ್ಟು ನಾಚಿದ್ದನ್ನು ನಾನು ಕಂಡಿಲ್ಲ.

'ಒಸಡೂ ಊದಿದೆ. ಹೊಗೆಸೊಪ್ಪು ಹಾಕ್ತೀರಾ?'

'ವಯಸ್ಸಾಯ್ತಲ್ಲ ಡಾಕ್ಟ್ರಮ್ಮ, ಊತ ಬತ್ತದೆ.'

'ಆ ಮಾತನ್ನ ತಿರುಗಿಸಿಯೂ ನೋಡಿ ಯಜಮಾನ್ರೇ, ಊತದಿಂದ್ಲೂ ವಯಸ್ಸಾಗುತ್ತೆ. ಗಾಯ ಆದಾಗ ಊತ ಬಂದು, ರಿಪೇರಿ ಮಾಡಿ ಹೋಗ್ಬೇಕು. ಹೋಗ್ದೆ ವರ್ಷಗಟ್ಟಲೆ ಕೂತ್ರೆ, ಚೆನ್ನಾಗಿರೋ ಕೀಲು, ರಕ್ತನಾಳ ಎಲ್ಲಾನೂ ಸವೆಸುತ್ತೆ. ವಯಸ್ಸಿಗೆ ಮುಂಚೆ ಮುದುಕರಾಗ್ತೀರಿ. ಮುದುಕರಾದಷ್ಟೂ ಊತ ಜಾಸ್ತಿ.'

ನನ್ನದೇ ನೊಗದ ಬಾವಿನ ಮಾತು. ಈಕೆಯೂ ಬೆಲೆ ಇಳಿಸುತ್ತಿದ್ದಾರೆ ಎಂದುಕೊಂಡು ಚೌಕಾಸಿಗೆ ನಿಂತೆ. 'ದಿನಕ್ಕೆ ಆರು ಸತಿ ಹಾಕ್ತೀನಿ. ಮೂರಕ್ಕೆ ಇಳಿಸ್ತೀನಿ.'

'ಪೂರ್ತಿ ಬಿಡಿ.'

'ಎರಡು. ಇದೇ ಕೊನೇ ಮಾತು.'

ಆಕೆ ಚೀಟಿ ಬರೆದುಕೊಟ್ಟು ಮುಂದಿನವರನ್ನು ಕರೆದರು. ಮಾತು ನಿಲ್ಲಿಸಿ ಎದ್ದು ಹೋಗುವವನೇ ಗೆಲ್ಲುವುದು ಎಂದು ಊರಿಗೆಲ್ಲ ಬುದ್ಧಿ ಹೇಳಿದವನು ನಾನು. ಹೊಗೆಸೊಪ್ಪು ಬಿಟ್ಟೆ. ಮಾತ್ರೆ ನುಂಗಿದೆ, ಕಾಲುವೆ ಏರಿಯ ಮೇಲೆ ದಿನಾ ನಡೆದೆ. ನಿಮಗೂ ಹೇಳುತ್ತೇನೆ, ಬಾವು ಸಣ್ಣದಿರುವಾಗಲೇ ತೋರಿಸಿಕೊಳ್ಳಿ; ಹಳೆಯದಾದ ಮೇಲೆ ಅದು ಹೇಳಿದ್ದೇ ಬೆಲೆ. ಆರು ತಿಂಗಳಲ್ಲಿ ಊತ ಇಳಿಯಿತು, ಪೂರ್ತಿಯಲ್ಲ. ಮುಷ್ಟಿ ಕಟ್ಟಲಂತೂ ಆಯಿತು.

ಮತ್ತೆ ಸಂತೆಗೆ ಹೋದಾಗ ಸಿದ್ದೇಗೌಡರೇ ಸಿಕ್ಕರು. ಅವರ ಟವಲು ಹೆಗಲಲ್ಲೇ ಇತ್ತು. ನನ್ನ ಕೈ ಹಿಡಿದು, ತಿರುಗಿಸಿ, ಒಂದೊಂದೇ ಗೆಣ್ಣು ಒತ್ತಿ ನೋಡಿದರು.

'ವಯಸ್ಸೆಷ್ಟ್ಲಾ ಮಾದಪ್ಪ? ದಿಟ ಹೇಳು.'

'ಈಗ ತಾನೇ ಬಾಯ್ಗೂಡ್ಯದೆ ಗೌಡ್ರೇ' ಎಂದೆ.

ಗೌಡರು ಹೆಗಲಿಂದ ಟವಲು ತೆಗೆದರು. ಆದರೆ ಕೈಮೇಲೆ ಮುಚ್ಚುವ ಮುಂಚೆ ನನ್ನ ಹೆಗಲ ಮೇಲೊಮ್ಮೆ ಕೈಯಾಡಿಸಿದರು.